ಮಳೆನಾಡಿನ ಹಳೇ ಕಂಪ್ಯೂಟರ್: ಸಿ.ಡಿ. ಓಡಿಸುವುದು, ದನಿ ಬರಿಸುವುದು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಟಿ.ವಿ. ಮೇಜಿನ ಖಾನೆಯಲ್ಲೋ ಮಾಳಿಗೆಯ ಪೆಟ್ಟಿಗೆಯಲ್ಲೋ ಒಂದಿಷ್ಟು ಸಿ.ಡಿ.ಗಳು ಈಗಲೂ ಉಳಿದುಕೊಂಡಿವೆ. ಮಗಳ ಮದುವೆಯ ವಿ.ಸಿ.ಡಿ., ಮೊಮ್ಮಗನ ಉಪನಯನದ್ದು, ಊರ ದೇವಸ್ಥಾನದ ಪ್ರತಿಷ್ಠೆಯದ್ದು, ರಾತ್ರಿಯಿಡೀ ನಡೆದ ತಾಳಮದ್ದಲೆಯನ್ನು ಆಸಕ್ತರು ಯಾರೋ ಎಂಪಿತ್ರೀ ಮಾಡಿ ಹಂಚಿದ್ದು, ಅಜ್ಜಿ ಹೇಳಿದ ಹಸೆಯ ಹಾಡನ್ನು ಬೆಂಗಳೂರಿನ ಮೊಮ್ಮಗಳು ರೆಕಾರ್ಡ್ ಮಾಡಿ ಬರೆಸಿಕೊಟ್ಟದ್ದು. ಅಂಗಡಿಯಿಂದ ತಂದ ಸಿನಿಮಾ ಸಿ.ಡಿ. ಹಾಳಾದರೆ ಆ ಸಿನಿಮಾ ಇನ್ನೆಲ್ಲಾದರೂ ಸಿಗುತ್ತದೆ. ಇವು ಸಿಗುವುದಿಲ್ಲ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಹಾಗಾಗಿ ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿರುವ, ವಿಂಡೋಸ್ ಎಕ್ಸ್‌ಪಿಯೋ ಸೆವೆನ್ನೋ ಇರುವ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ನಿಂತು ಯೋಚಿಸಬೇಕು.

ಆ ಕಂಪ್ಯೂಟರ್ ಇನ್ನು ಹತ್ತು ವರ್ಷ ಬಾಳಬೇಕಾಗಿಲ್ಲ. ಸಿ.ಡಿ.ಗಳಲ್ಲಿರುವುದೆಲ್ಲ ಹೊರಗೆ ಬರುವಷ್ಟು ದಿನ ನಡೆದರೆ ಸಾಕು. ರಿಪೇರಿಗೆ ಎಷ್ಟು ಖರ್ಚು ಮಾಡಬೇಕು, ಎಲ್ಲಿ ಕೈಬಿಡಬೇಕು ಎಂಬುದನ್ನು ಇದೇ ಲೆಕ್ಕದಲ್ಲಿ ತೀರ್ಮಾನಿಸಿ. ಒಂದು ಸಿ.ಡಿ. ಓಡಿತೆಂದರೆ ಖುಷಿಯಿಂದ ಪೂರ್ತಿ ನೋಡುತ್ತಾ ಕೂರಬೇಡಿ, ಮೊದಲು ನಕಲು ಮಾಡಿಕೊಳ್ಳಿ. ಮರುದಿನ ಅದೇ ಡ್ರೈವ್ ಅದೇ ಸಿ.ಡಿ.ಯನ್ನು ಓದೀತೆಂಬ ಭರವಸೆ ಇಲ್ಲ.

ದೋಷ ಯಾವುದರದ್ದು?

‘ಸಿ.ಡಿ. ಓಡ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ತೊಂದರೆಗಳಿರಬಹುದು. ಸಿ.ಡಿ.ಯೇ ಕೆಟ್ಟಿರಬಹುದು, ಅದನ್ನು ಓದುವ ಡ್ರೈವ್ ಕೆಟ್ಟಿರಬಹುದು, ಎರಡೂ ಸರಿಯಿದ್ದು ಕಂಪ್ಯೂಟರಿನಿಂದ ದನಿ ಹೊರಡುವ ದಾರಿ ಕಟ್ಟಿರಬಹುದು. ಇದನ್ನು ಬೇರ್ಪಡಿಸದೆ ಡ್ರೈವ್ ಬದಲಿಸಿದವರು, ಸ್ಪೀಕರ್ ಕೊಂಡವರು, ವಿಂಡೋಸನ್ನೇ ಮತ್ತೆ ಹಾಕಿಸಿ ಹಾರ್ಡ್ ಡಿಸ್ಕಿನಲ್ಲಿದ್ದ, ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದ ಹಳೇ ಕಡತಗಳನ್ನು ಕಳೆದುಕೊಂಡವರು ನಮ್ಮ ನಡುವೆ ಬಹಳ ಮಂದಿ.

ಬೇರ್ಪಡಿಸುವುದು ಸುಲಭ. ಕಂಪ್ಯೂಟರಿನ ಒಳಗೇ ಇರುವ ಯಾವುದಾದರೂ ಹಾಡು ಹಾಕಿ ನೋಡಿ. ಹಾಡೇ ಇಲ್ಲದಿದ್ದರೆ ವಿಂಡೋಸ್ ಫೋಲ್ಡರಿನೊಳಗಿನ ಮೀಡಿಯಾ ಫೋಲ್ಡರಿನಲ್ಲಿ ಗಂಟೆಯ ಸದ್ದಿನಂಥ ಪುಟ್ಟ ಫೈಲುಗಳಿರುತ್ತವೆ, ಅವನ್ನು ಒತ್ತಿ. ದನಿ ಬಂದರೆ ಸ್ಪೀಕರ್, ಸೌಂಡ್ ಕಾರ್ಡ್ ಎರಡೂ ಸರಿ ಇವೆ, ದೋಷ ಸಿ.ಡಿ. ಕಡೆಯದು. ಆಮೇಲೆ ಚೆನ್ನಾಗಿದೆ ಎಂದು ಖಾತ್ರಿಯಿರುವ, ಅಂಗಡಿಯಲ್ಲಿ ಕೊಂಡ ಅಚ್ಚಿನ ಸಿ.ಡಿ. ಒಂದನ್ನು ಹಾಕಿ. ಅದು ಓಡಿ ಮನೆಯದ್ದು ಓಡದಿದ್ದರೆ ಡ್ರೈವ್‌ನ ತಪ್ಪಿರುವ ಸಾಧ್ಯತೆ ಕಡಿಮೆ. ಯಾವುದೂ ಓಡದಿದ್ದರೆ ಡ್ರೈವ್ ಕಡೆ ನೋಡಿ.

ಹಳೇ ಸಿ.ಡಿ. ಡ್ರೈವ್‌ಗಳ ಮುಖದ ಮೇಲೆ ಒಂದು ಹೆಡ್‌ಫೋನ್ ತೂತು, ಪಕ್ಕದಲ್ಲಿ ದನಿ ಹೆಚ್ಚಿಸುವ ಪುಟ್ಟ ಗಾಲಿ ಇರುತ್ತಿತ್ತು. ನಿಮ್ಮದರಲ್ಲೂ ಇದ್ದರೆ ಹಾಡಿನ ಆಡಿಯೊ ಸಿ.ಡಿ. ಹಾಕಿ, ಆ ತೂತಿಗೇ ಇಯರ್‌ಫೋನ್ ಚುಚ್ಚಿ ಕೇಳಿ. ಅಲ್ಲಿ ಹಾಡು ಕೇಳಿಸಿತೆಂದರೆ ಸಿ.ಡಿ.ಯೂ ಡ್ರೈವೂ ನಿರ್ದೋಷಿಗಳು.

ಬೂಷ್ಟು ಹಿಡಿದ ಸಿ.ಡಿ.

ಆಗುಂಬೆ ತೀರ್ಥಹಳ್ಳಿ ತಾಲೂಕಿನದು, ಹುಲಿಕಲ್ ಹೊಸನಗರದ್ದು. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯ ಹೆಸರು ಹೇಳುವಾಗ ಬಾಯಿಗೆ ಬರುವ ಊರುಗಳಿವು. ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬಿಳಿ ಬೂಷ್ಟು ಹಿಡಿಯುವ ಸೀಮೆಯಲ್ಲಿ ಸಿ.ಡಿ. ತಪ್ಪಿಸಿಕೊಳ್ಳಲು ಹೇಗೆ ಸಾಧ್ಯ? ಬೂಷ್ಟು ಸಿ.ಡಿ.ಯ ಮೇಲ್ಮೈಯಲ್ಲಿ ಮಾತ್ರ ಬೆಳೆಯುತ್ತದೆ ಎನ್ನುವಂತಿಲ್ಲ. 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಸಿ.ಡಿ.ಯೊಂದನ್ನು ಪರೀಕ್ಷಿಸಿದಾಗ, ಶಿಲೀಂಧ್ರವು ಅಂಚಿನಿಂದ ಒಳಹೊಕ್ಕು ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಂ ಪದರವನ್ನೂ ತಿಂದಿದ್ದು ಕಂಡುಬಂತು. ಬೆಲೀಜ್ ಕೂಡ ನಮ್ಮ ಹಾಗೆ ಸೆಖೆ, ತೇವ ಎರಡೂ ಇರುವ ಜಾಗ.

ಸಿ.ಡಿ.ಯ ರಚನೆ ಗೊತ್ತಿದ್ದರೆ ಅದನ್ನು ಹೇಗೆ ಹಿಡಿಯಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. 120 ಮಿಲಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆ ಅದು. ಹಾಡು, ಚಿತ್ರ ಇರುವ ತೆಳು ಲೋಹದ ಪದರ ಕೂತಿರುವುದು ಹೆಸರು ಬರೆಯುವ ಬದಿಗೆ ಹತ್ತಿರದಲ್ಲಿ, ಒಂದು ಮೆರುಗೆಣ್ಣೆಯ ಲೇಪದ ಕೆಳಗೆ. ಲೇಸರ್ ಕಿರಣ ಹೊಳೆಯುವ ಬದಿಯಿಂದ ಇಡೀ ಪ್ಲಾಸ್ಟಿಕ್ಕನ್ನು ದಾಟಿ ಅಲ್ಲಿಗೆ ಮುಟ್ಟುತ್ತದೆ. ಹಾಗಾಗಿ ಹೊಳೆಯುವ ಬದಿಯ ಸಣ್ಣ ಗೀರುಗಳನ್ನು ಡ್ರೈವ್ ಎಷ್ಟೋ ಸಲ ದಾಟಿಕೊಂಡು ಹೋಗುತ್ತದೆ, ಹೆಸರಿನ ಬದಿ ಕಿತ್ತುಬಂದರೆ ಆ ಭಾಗ ಶಾಶ್ವತವಾಗಿ ಹೋದಂತೆ. ನಾವು ಮಾಡುವುದು ಇದಕ್ಕೆ ತಿರುಗುಮುರುಗು. ಹೊಳೆಯುವ ಬದಿಯನ್ನು ಜೋಪಾನ ಮಾಡಿ, ಹೆಸರಿನ ಬದಿಯನ್ನು ಮೇಜಿನ ಮೇಲೆ ಉಜ್ಜುತ್ತೇವೆ, ಬಾಲ್‌ಪೆನ್ನಿನಿಂದ ಒತ್ತಿ ಬರೆಯುತ್ತೇವೆ. ಡಿ.ವಿ.ಡಿ.ಯಲ್ಲಿ ಆ ಪದರ ಎರಡು ತೆಳು ಬಿಲ್ಲೆಗಳ ನಡುವೆ ಇರುವುದರಿಂದ ಈ ಒಂದು ಭಯ ಕಡಿಮೆ.

ಸಿ.ಡಿ.ಯನ್ನು ಬೆಳಕಿಗೆ ಹಿಡಿದು ನೋಡಿ. ಪದರದಲ್ಲಿ ಸೂಜಿಮೊನೆಯಷ್ಟು ತೂತುಗಳ ಮೂಲಕ ಬೆಳಕು ಕಂಡರೆ, ಅಂಚಿನಿಂದ ಒಳಕ್ಕೆ ಬೇರಿನಂಥ ಕವಲುಗಳು ಹೋಗಿದ್ದರೆ ಅಲ್ಲಿಯದು ಹೋಗಿದೆ. ಉಳಿದ ಭಾಗವನ್ನು ಇನ್ನೂ ಓದಿಸಬಹುದು. ಬರಿಯ ಮೇಲಿನ ಬೂಷ್ಟಾದರೆ ತೊಳೆದರಾಯಿತು. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಶಾಂಪೂ ಹಾಕಿ, ಬೆರಳಿನ ತುದಿಯಿಂದ ಮೆಲ್ಲಗೆ ಉಜ್ಜಿ, ಒಳ್ಳೆ ನೀರಿನಲ್ಲಿ ಎತ್ತಿ, ಬಹಳ ಸಲ ಒಗೆದು ಮೆತ್ತಗಾದ ಹತ್ತಿ ಪಂಚೆಯ ತುಂಡಿನಿಂದ ಒರೆಸಿ. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಬಾರದು. ಸುತ್ತ ಒರೆಸುವಾಗ ಗೀರು ಬಿದ್ದರೆ ಅದು ಸಿ.ಡಿ.ಯ ಸುರುಳಿಯ ಉದ್ದಕ್ಕೇ ಬೀಳುತ್ತದೆ. ಒಂದೇ ಕಡೆ ತುಂಬ ಹೊತ್ತಿನ ಮಾಹಿತಿ ಅಳಿದರೆ ಡ್ರೈವಿಗೆ ಅದನ್ನು ತುಂಬಿಕೊಳ್ಳಲಾಗದು. ಪಾತ್ರೆ ತಿಕ್ಕುವ ಪುಡಿ, ಥಿನ್ನರ್, ಸೀಮೆಎಣ್ಣೆ, ಪೆಟ್ರೋಲ್ ಯಾವುದೂ ಬೇಡ. ಕಾಗದ ಅಂಟಿಸಿದ ಸಿ.ಡಿ.ಯನ್ನು ನೀರಿಗೆ ಹಾಕಬೇಡಿ, ಕಾಗದ ಕೀಳಲೂ ಹೋಗಬೇಡಿ. ಕಾಗದದ ಜೊತೆಗೆ ಪದರವೇ ಏಳುತ್ತದೆ.

ಒಣಗಿಸುವುದು ನೆರಳಿನಲ್ಲಿ. ಮನೆಯಲ್ಲಿ ಬರೆದುಕೊಂಡ ಸಿ.ಡಿ.ಗಳಲ್ಲಿ ಮಾಹಿತಿ ನಿಂತಿರುವುದು ಒಂದು ಬಗೆಯ ಬಣ್ಣದ ಪದರದಲ್ಲಿ, ಅದು ಬಿಸಿಲಿಗೆ ಮಾಸುತ್ತದೆ. ಅಡಿಕೆ ಒಣಗಿಸುವ ಅಂಗಳದ ಬಿಸಿಲಿನಲ್ಲಿ ಇಟ್ಟರೆ ಬೂಷ್ಟು ಹೋಗುತ್ತದೆ, ಜೊತೆಗೆ ಮದುವೆಯೂ ಹೋಗುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ. ಇನ್ನೊಂದು ಎಚ್ಚರಿಕೆ: ನಡುವಿನ ತೂತಿನ ಸುತ್ತ ಸೀಳು ಬಿಟ್ಟಿರುವ ಸಿ.ಡಿ.ಯನ್ನು ವೇಗದ ಡ್ರೈವಿಗೆ ಹಾಕಲೇಬೇಡಿ. 52 ಪಟ್ಟು ವೇಗದ ಡ್ರೈವಿನಲ್ಲಿ ಅದು ಒಡೆದು ಚೂರಾಗಿ ಡ್ರೈವನ್ನೂ ಹಾಳುಮಾಡಬಹುದು.

ಡ್ರೈವ್ ಓದದಿದ್ದರೆ

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಕಂಪ್ಯೂಟರನ್ನು ಶುರು ಮಾಡಿದ ಕೂಡಲೇ ಸಿ.ಡಿ. ಹಾಕಿ ‘ರೀಡ್ ಆಗ್ತಿಲ್ಲ’ ಎನ್ನಬೇಡಿ. ಲೆನ್ಸಿನ ಮೇಲೆ ತೇವ ಕೂತಿರುತ್ತದೆ. ಕಂಪ್ಯೂಟರನ್ನು ಅರ್ಧ ಮುಕ್ಕಾಲು ಗಂಟೆ ಸುಮ್ಮನೆ ಓಡಲು ಬಿಡಿ, ಒಳಗಿನ ಬಿಸಿಗೆ ಆರುತ್ತದೆ. ಇಷ್ಟರಿಂದಲೇ ಸರಿಹೋಗುವ ಡ್ರೈವ್‌ಗಳು ನಮ್ಮ ಕಡೆ ಕಡಿಮೆಯಲ್ಲ.

ಟ್ರೇ ಹೊರಗೆ ಬರುವುದೇ ಇಲ್ಲವೆಂದರೆ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಡ್ರೈವಿನ ಮುಖದಲ್ಲಿರುವ ಸೂಜಿತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ತೂರಿಸಿ ಮೆಲ್ಲಗೆ ಒತ್ತಿ. ಟ್ರೇ ಒಂದಿಷ್ಟು ಹೊರಬರುತ್ತದೆ, ಉಳಿದದ್ದನ್ನು ಕೈಯಿಂದ ಎಳೆಯಬಹುದು. ಮೋಟಾರಿನ ಸದ್ದು ಮಾತ್ರ ಕೇಳಿ ಟ್ರೇ ಅಲುಗದಿದ್ದರೆ ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿದೆ ಅಥವಾ ಜಾರುತ್ತಿದೆ. ಡ್ರೈವಿನ ತಳದ ನಾಲ್ಕು ಸ್ಕ್ರೂ ಬಿಚ್ಚಿದರೆ, ಟ್ರೇಯ ಮುಂಭಾಗದ ಕೆಳಗೆ ಆ ಬೆಲ್ಟು ಕಾಣುತ್ತದೆ. ಬೆಲ್ಟನ್ನೂ ಅದು ಕೂರುವ ಗಾಲಿಗಳನ್ನೂ ಸ್ಪಿರಿಟ್ಟಿನಿಂದ ಒರೆಸಿದರೆ ಕೆಲವು ತಿಂಗಳ ಮಟ್ಟಿಗೆ ಕೆಲಸ ನಡೆಯುತ್ತದೆ. ಹಳೇ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರ ಬಳಿ ಅದೇ ಅಳತೆಯ ಬೆಲ್ಟು ಸಿಕ್ಕರೂ ಸಿಕ್ಕೀತು.

ಲೆನ್ಸ್ ಒರೆಸುವ ಕೆಲಸಕ್ಕೆ ಲ್ಯಾಪ್‌ಟಾಪ್ ಡ್ರೈವ್ ಸುಲಭ: ಲೆನ್ಸ್ ಟ್ರೇಯ ಮೇಲೇ ಇರುತ್ತದೆ, ಟ್ರೇ ಹೊರಗೆಳೆದರೆ ಸಣ್ಣ ಮಣಿಯಂತೆ ಕಾಣುತ್ತದೆ. ದೊಡ್ಡ ಕಂಪ್ಯೂಟರಿನ ಡ್ರೈವಿನಲ್ಲಿ ಅದು ಒಳಗೆ ಉಳಿಯುವುದರಿಂದ ಮುಚ್ಚಳ ಬಿಚ್ಚಬೇಕು, ಇಲ್ಲವೇ ಕುಂಚವಿರುವ ಲೆನ್ಸ್ ಕ್ಲೀನರ್ ಸಿ.ಡಿ. ಬಳಸಬೇಕು. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ತಾಕಿಸಿ, ತೊಟ್ಟಿಕ್ಕದ ಹಾಗೆ ಹಿಂಡಿ, ಮುಟ್ಟಿದೆಯೋ ಇಲ್ಲವೋ ಎಂಬಂತೆ ಒರೆಸಿ. ಲೆನ್ಸ್ ಪ್ಲಾಸ್ಟಿಕ್ಕಿನದು, ಕೂದಲೆಳೆಯ ತಂತಿಗಳ ಮೇಲೆ ತೇಲುವಂತೆ ನಿಂತಿರುತ್ತದೆ. ಒತ್ತಿದರೆ ಕತೆ ಮುಗಿಯಿತು. ಮುಚ್ಚಳ ತೆಗೆದ ಡ್ರೈವಿಗೆ ಕರೆಂಟು ಕೊಟ್ಟು ಇಣುಕಿ ನೋಡಬೇಡಿ. ಸಿ.ಡಿ. ಓದುವ ಲೇಸರ್ 780 ನ್ಯಾನೊಮೀಟರಿನದು, ಕಣ್ಣಿಗೆ ಸರಿಯಾಗಿ ಕಾಣಿಸದೆಯೇ ಕಣ್ಣನ್ನು ಸುಡಬಲ್ಲದು.

ಡಿ.ವಿ.ಡಿ. ಡ್ರೈವ್‌ಗಳಲ್ಲಿ ಎರಡು ಲೇಸರ್‌ಗಳಿರುತ್ತವೆ. ಡಿ.ವಿ.ಡಿ. ಓದಲು 650 ನ್ಯಾನೊಮೀಟರಿನ ಕೆಂಪು ಕಿರಣ ಬೇರೆ. ಆದ್ದರಿಂದ ಡಿ.ವಿ.ಡಿ. ಚೆನ್ನಾಗಿ ಓಡಿ ಸಿ.ಡಿ. ಮಾತ್ರ ಓಡುವುದಿಲ್ಲ, ಅಥವಾ ಇದರ ತಿರುಗುಮುರುಗು ಆಗುತ್ತಿದೆ ಎಂದರೆ ಒಂದು ಲೇಸರ್ ಸೋತಿದೆಯೆಂದು ತಿಳಿಯಿರಿ. ಅದಕ್ಕೆ ಒರೆಸುವುದೂ ಇಲ್ಲ, ರಿಪೇರಿಯೂ ಇಲ್ಲ. ಯುಎಸ್‌ಬಿ ತಂತಿಯಿಂದ ಸಿಕ್ಕಿಸುವ ಹೊರಗಿನ ಡಿ.ವಿ.ಡಿ. ಡ್ರೈವ್ ಕೊಂಡರೆ ಹಳೆಯದಕ್ಕೂ ಹೊಸ ಲ್ಯಾಪ್‌ಟಾಪಿಗೂ ಬರುತ್ತದೆ. ನನ್ನ ಕೇಳಿದರೆ, ಬಿಚ್ಚುವ ಕೆಲಸದಲ್ಲಿ ಕೈ ಪಳಗದವರು ಶುರುವಿನಲ್ಲೇ ಈ ದಾರಿ ಹಿಡಿಯುವುದು ಒಳ್ಳೆಯದು.

ಮೈ ಕಂಪ್ಯೂಟರಿನಲ್ಲಿ ಡ್ರೈವಿನ ಚಿತ್ರವೇ ಕಾಣದಿದ್ದರೆ ಮೊದಲು ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಬಯೋಸ್ ಪುಟ ನೋಡಿ. ಅಲ್ಲಿಯೂ ಡ್ರೈವಿನ ಹೆಸರಿಲ್ಲವೆಂದರೆ ತಂತಿಯ ತೊಂದರೆ ಇರಬಹುದು. ಪ್ಲಗ್ ಕಿತ್ತು, ಪಟ್ಟಿಯಂಥ ಕೇಬಲ್ಲನ್ನೂ ಕರೆಂಟಿನ ಪಿನ್ನನ್ನೂ ತೆಗೆದು ಮತ್ತೆ ಚುಚ್ಚಿ. ತೇವಕ್ಕೆ ಪಿನ್ನುಗಳ ಮೇಲೆ ಕಿಲುಬು ಕೂತು ಸಂಪರ್ಕ ತಪ್ಪುವುದು ನಮ್ಮಲ್ಲಿ ಸಾಮಾನ್ಯ. 40 ಪಿನ್ನಿನ ಅಗಲ ಕೇಬಲ್ ಒಂದರಲ್ಲೇ ಹಾರ್ಡ್ ಡಿಸ್ಕೂ ಸಿ.ಡಿ. ಡ್ರೈವೂ ಇದ್ದರೆ, ಹಿಂಬದಿಯ ಜಂಪರ್ ಒಂದರಲ್ಲಿ ಮಾಸ್ಟರ್, ಇನ್ನೊಂದರಲ್ಲಿ ಸ್ಲೇವ್ ಆಗಿರಬೇಕು. ಬಯೋಸಿನಲ್ಲಿ ಇದ್ದು ವಿಂಡೋಸಿನಲ್ಲಿ ಕಾಣದೆ, ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಜೊತೆ ಕೋಡ್ 39 ಎಂದೋ 19 ಎಂದೋ ತೋರಿಸುತ್ತಿದ್ದರೆ, ಹಿಂದೆ ಹಾಕಿ ತೆಗೆದ ಸಿ.ಡಿ. ಬರೆಯುವ ಸಾಫ್ಟ್‌ವೇರ್ ಬಿಟ್ಟುಹೋದ ಕಸ ಅದಕ್ಕೆ ಕಾರಣವಾಗಿರುತ್ತದೆ. ರಿಜಿಸ್ಟ್ರಿ ಎಡಿಟರಿನ ಕ್ಲಾಸ್ ವಿಭಾಗದಲ್ಲಿ 4ಡಿ36ಇ965 ಎಂದು ಶುರುವಾಗುವ ಫೋಲ್ಡರಿನಲ್ಲಿ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎಂಬ ಎರಡು ನಮೂದುಗಳಿದ್ದರೆ, ಆ ಫೋಲ್ಡರನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಎರಡನ್ನೂ ಅಳಿಸಿ, ಕಂಪ್ಯೂಟರನ್ನು ಮತ್ತೆ ಶುರು ಮಾಡಿ. ಡ್ರೈವ್ ಮರಳಿ ಕಾಣುತ್ತದೆ. ಪಕ್ಕದ ಫೋಲ್ಡರ್ ಮುಟ್ಟಿದರೆ ಇಡೀ ವಿಂಡೋಸ್ ಕೈಕೊಡಬಹುದು, ಅನುಮಾನವಿದ್ದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಬೂಷ್ಟು ಸಿ.ಡಿ.ಗಳನ್ನು ಪದೇ ಪದೇ ಹಾಕಿದ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಇನ್ನೊಂದು ತೊಂದರೆ ಹುಟ್ಟುತ್ತದೆ. ಒಳ್ಳೆಯ ಸಿ.ಡಿ. ಹಾಕಿದರೂ ಹಾಡು ತುಂಡು ತುಂಡಾಗಿ ಬರುತ್ತದೆ, ಮೌಸಿನ ಬಾಣವೂ ತಡವರಿಸುತ್ತದೆ. ಓದುವಾಗ ಮತ್ತೆ ಮತ್ತೆ ದೋಷ ಬಂದರೆ ಎಕ್ಸ್‌ಪಿ ಆ ಡ್ರೈವಿನ ವೇಗವನ್ನು ಡಿಎಂಎ ಕ್ರಮದಿಂದ ಪಿಐಒ ಎಂಬ ನಿಧಾನ ಕ್ರಮಕ್ಕೆ ಇಳಿಸಿಬಿಡುತ್ತದೆ. ಆಮೇಲೆ ತಾನಾಗಿ ಏರಿಸುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಐಡಿಇ ಕಂಟ್ರೋಲರ್‌ಗಳ ಕೆಳಗೆ ಸೆಕೆಂಡರಿ ಚಾನೆಲ್ ತೆರೆದು, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಪಿಐಒ ಎಂದು ಕಂಡರೆ, ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ಮತ್ತೆ ಶುರು ಮಾಡಿ. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ಹಳೇ ವೇಗಕ್ಕೆ ತರುತ್ತದೆ. ದನಿ ತುಂಡಾಗುವುದನ್ನು ಸ್ಪೀಕರಿನ ದೋಷವೆಂದು ತಿಳಿದು ಹಣ ಕಳೆದುಕೊಳ್ಳುವುದು ಈ ಒಂದು ಕಡೆಯೇ ಹೆಚ್ಚು.

ದನಿ ಬಾರದಿದ್ದರೆ

ಸ್ಪೀಕರಿನ ಪಿನ್ನನ್ನು ಮೊಬೈಲಿಗೋ ರೇಡಿಯೊಗೋ ಚುಚ್ಚಿ ಸ್ಪೀಕರ್ ಬದುಕಿದೆಯೇ ನೋಡಿ. ಕಂಪ್ಯೂಟರಿನ ಹಿಂದೆ ಹಸಿರು ತೂತು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಹೊರಗಿನ ಯಂತ್ರದಿಂದ ದನಿ ಒಳಗೆ ತರಲು. ಬಹಳ ದಿನ ಖಾಲಿ ಬಿಟ್ಟ ತೂತಿಗೆ ಟಾರ್ಚು ಹಿಡಿಯುವುದನ್ನು ಮರೆಯಬೇಡಿ. ಮಣ್ಣಿನ ಗೂಡು ಕಟ್ಟುವ ಹುಳು ಅದರೊಳಗೂ ಕಟ್ಟುತ್ತದೆ, ಇರುವೆ ಮೊಟ್ಟೆ ಇಡುತ್ತದೆ. ಮರದ ಹಲ್ಲುಕಡ್ಡಿಯಿಂದ ಕೆರೆದು ಊದಿ ತೆಗೆಯಿರಿ, ಕಬ್ಬಿಣದ ಸೂಜಿ ಬೇಡ.

ಎಂಪಿತ್ರೀ ಹಾಡಿಗೆ ದನಿ ಬರುತ್ತದೆ, ಸಿನಿಮಾಕ್ಕೂ ಬರುತ್ತದೆ, ಆದರೆ ಹಾಡಿನ ಆಡಿಯೊ ಸಿ.ಡಿ. ಹಾಕಿದರೆ ನಿಮಿಷ ಓಡುತ್ತದೆ, ಸದ್ದಿಲ್ಲ. ಹಳೇ ಕಂಪ್ಯೂಟರುಗಳಿಗೇ ವಿಶೇಷವಾದ ದೋಷ ಇದು. ಆ ಕಾಲದಲ್ಲಿ ಆಡಿಯೊ ಸಿ.ಡಿ.ಯ ದನಿ ಡ್ರೈವಿನ ಬೆನ್ನಿನಿಂದ ನಾಲ್ಕು ಪಿನ್ನಿನ ತೆಳುವಾದ ಒಂದು ತಂತಿಯ ಮೂಲಕ ನೇರ ಸೌಂಡ್ ಕಾರ್ಡಿಗೆ ಹೋಗುತ್ತಿತ್ತು. ಯಾವಾಗಲೋ ಡ್ರೈವ್ ಬದಲಿಸಿದವರು ಆ ತಂತಿಯನ್ನು ಮತ್ತೆ ಸಿಕ್ಕಿಸಿರುವುದಿಲ್ಲ. ತಂತಿ ಹುಡುಕುತ್ತಾ ಅಲೆಯಬೇಕಾಗಿಲ್ಲ. ಎಕ್ಸ್‌ಪಿಯ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಮೇಲೆ ಎರಡು ಸಲ ಒತ್ತಿ, ಪ್ರಾಪರ್ಟೀಸ್ ಪುಟದಲ್ಲಿ ‘ಎನೇಬಲ್ ಡಿಜಿಟಲ್ ಸಿಡಿ ಆಡಿಯೊ’ ಎಂಬ ಚೌಕಕ್ಕೆ ಗುರುತು ಹಾಕಿ. ದನಿ ಬೇರೆ ದಾರಿಯಲ್ಲಿ ಬರುತ್ತದೆ. ಅದಕ್ಕೂ ಮುಂಚೆ ಗಡಿಯಾರದ ಪಕ್ಕದ ಸ್ಪೀಕರ್ ಗುರುತಿಗೆ ಎರಡು ಸಲ ಒತ್ತಿ, ತೆರೆಯುವ ಪಟ್ಟಿಯಲ್ಲಿ ‘ಸಿಡಿ ಪ್ಲೇಯರ್’ ಕಂಬದ ಕೆಳಗೆ ಮ್ಯೂಟ್ ಆಗಿಲ್ಲವೆಂದು ನೋಡಿಕೊಳ್ಳಿ.

ಯಾವುದಕ್ಕೂ ದನಿಯಿಲ್ಲ, ಸ್ಪೀಕರ್ ಗುರುತೇ ಮಾಯವಾಗಿದೆ ಎಂದರೆ ಡಿವೈಸ್ ಮ್ಯಾನೇಜರಿನಲ್ಲಿ ‘ಮಲ್ಟಿಮೀಡಿಯಾ ಆಡಿಯೊ ಕಂಟ್ರೋಲರ್’ ಎಂಬ ಹೆಸರಿನ ಮುಂದೆ ಹಳದಿ ಪ್ರಶ್ನೆ ಇದೆಯೇ ನೋಡಿ. ಇದ್ದರೆ ಡ್ರೈವರ್ ಸಾಫ್ಟ್‌ವೇರ್ ಹೋಗಿದೆ. ಕಂಪ್ಯೂಟರ್ ಕೊಂಡಾಗ ಮದರ್‌ಬೋರ್ಡ್ ಜೊತೆ ಕೊಟ್ಟ ಸಿ.ಡಿ. ಪೆಟ್ಟಿಗೆಯ ತಳದಲ್ಲಿ ಇದ್ದರೆ ಅದೇ ಅದರ ಮದ್ದು. ಇಲ್ಲವಾದರೆ ಮದರ್‌ಬೋರ್ಡಿನ ಮೇಲೆ ಅಚ್ಚಾದ ಮಾದರಿಯ ಸಂಖ್ಯೆ ಬರೆದುಕೊಂಡು, ಬೇರೆ ಕಂಪ್ಯೂಟರಿನಿಂದ ತಯಾರಕರ ಡ್ರೈವರ್ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ. ಎಕ್ಸ್‌ಪಿಗೆ ಮೈಕ್ರೊಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು, ವಿಂಡೋಸ್ ಸೆವೆನ್ನಿಗೆ 2020ರ ಜನವರಿ 14ರಂದು. ಹಳೇ ಕಂಪ್ಯೂಟರನ್ನು ಅಂತರ್ಜಾಲಕ್ಕೆ ಕೂಡಿಸದೆ ಇರುವುದೇ ಕ್ಷೇಮ.

ದನಿಯ ಸಾಧನದ ಹೆಸರೇ ಡಿವೈಸ್ ಮ್ಯಾನೇಜರಿನ ಪಟ್ಟಿಯಲ್ಲಿಲ್ಲ, ಜೊತೆಗೆ ಕಂಪ್ಯೂಟರಿನ ತಾರೀಖು ಪ್ರತಿ ಸಲ ಹಿಂದಕ್ಕೆ ಹೋಗುತ್ತಿದೆ ಎಂದರೆ ಮದರ್‌ಬೋರ್ಡ್ ಮೇಲಿನ ಗುಂಡು ಸೆಲ್ ಸತ್ತಿದೆ. ಅದು ಸಿಆರ್ 2032 ಎಂಬ ಸೆಲ್, ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ ಸತ್ತಾಗ ಬಯೋಸಿನ ಆಯ್ಕೆಗಳು ಅಳಿಸಿಹೋಗುತ್ತವೆ. ಹೊಸ ಸೆಲ್ ಹಾಕಿ, ಬಯೋಸಿನಲ್ಲಿ ಆನ್‌ಬೋರ್ಡ್ ಆಡಿಯೊ ‘ಎನೇಬಲ್ಡ್’ ಮಾಡಿ, ತಾರೀಖು ಸರಿಪಡಿಸಿ. ಸಾಧನವಿದ್ದೂ ದನಿಯಿಲ್ಲದಿದ್ದರೆ ಸರ್ವಿಸಸ್ ಪಟ್ಟಿಯಲ್ಲಿ ‘ವಿಂಡೋಸ್ ಆಡಿಯೊ’ ನಿಂತಿರಬಹುದು, ಅದನ್ನು ಸ್ಟಾರ್ಟ್ ಮಾಡಿ. ಟಿ.ವಿ.ಗೆ ಎಚ್‌ಡಿಎಂಐ ತಂತಿ ಹಾಕಿದ ಕಂಪ್ಯೂಟರಿನಲ್ಲಿ ದನಿ ಟಿ.ವಿ. ಕಡೆ ಹೋಗಿರುತ್ತದೆ, ಪ್ಲೇಬ್ಯಾಕ್ ಸಾಧನವನ್ನು ಬದಲಿಸಿ. ಎಲ್ಲ ಮಾಡಿಯೂ ಆಗದಿದ್ದರೆ ಪೆನ್‌ಡ್ರೈವಿನಷ್ಟೇ ದೊಡ್ಡ ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತದೆ. ಮದರ್‌ಬೋರ್ಡಿನ ಕೊರತೆಯನ್ನು ಅಷ್ಟರಲ್ಲೇ ದಾಟಬಹುದು.

ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬಿಡದೆ ಬರುತ್ತಿದ್ದರೆ ಮನೆಯ ಅರ್ಥಿಂಗ್ ಪರೀಕ್ಷಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದಾಗ ಹೆಚ್ಚು, ಮಳೆಗಾಲದಲ್ಲಿ ಕಡಿಮೆ ಎಂದಾದರೆ ಅನುಮಾನವೇ ಬೇಡ. ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟ ಮನೆಗಳು ಈ ಮೂರು ತಾಲೂಕುಗಳಲ್ಲಿ ಎಷ್ಟೋ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಮೋಡೆಮ್ಮಿಗೆ ಬರುವ ಟೆಲಿಫೋನ್ ತಂತಿಯನ್ನೂ ಕೀಳಬೇಕು. ಸಿಡಿಲು ಕಂಪ್ಯೂಟರಿನೊಳಗೆ ನುಗ್ಗುವ ದಾರಿಗಳಲ್ಲಿ ಆ ತಂತಿಯೂ ಒಂದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ನಕಲು ಮಾಡುವಾಗ

ಆಡಿಯೊ ಸಿ.ಡಿ.ಯನ್ನು ಕಂಪ್ಯೂಟರಿನಲ್ಲಿ ತೆರೆದರೆ ಟ್ರ್ಯಾಕ್ 01, ಟ್ರ್ಯಾಕ್ 02 ಎಂದು ಸಿಡಿಎ ಫೈಲುಗಳು ಕಾಣುತ್ತವೆ. ಅವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ‘ನಕಲು ಆಯಿತು’ ಎಂದು ಸಿ.ಡಿ. ಎಸೆದವರಿದ್ದಾರೆ. ಆ ಫೈಲು ಬರೀ 44 ಬೈಟಿನದು, ಹಾಡು ಎಲ್ಲಿ ಶುರುವಾಗುತ್ತದೆ ಎಂಬ ಸೂಚನೆ ಮಾತ್ರ ಅದರಲ್ಲಿದೆ, ಹಾಡಿಲ್ಲ. ಹಾಡನ್ನು ‘ರಿಪ್’ ಮಾಡಬೇಕು. ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲೇ ಆ ಸೌಲಭ್ಯವಿದೆ. ಗೀರು ಬಿದ್ದ ಸಿ.ಡಿ.ಗೆ ‘ಎಕ್ಸಾಕ್ಟ್ ಆಡಿಯೊ ಕಾಪಿ’ ಎಂಬ ಉಚಿತ ತಂತ್ರಾಂಶ ಉತ್ತಮ. ಅದು ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಿ ಹೋಲಿಸುತ್ತದೆ, ಒಂದು ಹಾಡಿಗೆ ಗಂಟೆ ಹಿಡಿದರೂ ಬಿಡುವುದಿಲ್ಲ. ಲಿನಕ್ಸ್ ಬಳಸುವವರಿಗೆ ಸಿಡಿಪ್ಯಾರನಾಯ ಇದೇ ಕೆಲಸ ಮಾಡುತ್ತದೆ.

ಮದುವೆಯ ವಿ.ಸಿ.ಡಿ.ಯಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರಿನೊಳಗೆ ಡಿಎಟಿ ಫೈಲು ಇರುತ್ತದೆ, ಇಡೀ ಮದುವೆ ಅದೇ. ಅದನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡರೆ ವಿಎಲ್‌ಸಿ ಪ್ಲೇಯರಿನಲ್ಲಿ ಓಡುತ್ತದೆ. ಆದರೆ ವಿ.ಸಿ.ಡಿ.ಯಲ್ಲಿ ಚಿತ್ರಕ್ಕೆ ಹೆಚ್ಚು ಜಾಗ ಕೊಡುವುದಕ್ಕಾಗಿ, ಮಾಮೂಲಿ ಡೇಟಾ ಸಿ.ಡಿ.ಯಲ್ಲಿರುವ ದೋಷ ತಿದ್ದುವ ಏರ್ಪಾಡಿನ ಒಂದು ಪಾಲನ್ನು ಕೈಬಿಟ್ಟಿದ್ದಾರೆ. ಅದಕ್ಕೇ ಅದೇ ಗೀರಿಗೆ ವಿ.ಸಿ.ಡಿ. ಬೇಗ ಸೋಲುತ್ತದೆ, ನಕಲು ನಡುವೆ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂದು ನಿಂತುಬಿಡುತ್ತದೆ. ಆಗ ಐಸೊಬಸ್ಟರ್‌ನಂಥ ತಂತ್ರಾಂಶ ಬೇಕು, ಓದಲಾಗದ ಜಾಗವನ್ನು ಹಾರಿಸಿ ಮುಂದಿನದನ್ನು ತೆಗೆದುಕೊಡುತ್ತದೆ. ಧಾರೆಯ ಹೊತ್ತಿನಲ್ಲಿ ಎರಡು ಸೆಕೆಂಡ್ ಚಿತ್ರ ಚದುರಿದರೂ ಮದುವೆ ಉಳಿಯುತ್ತದೆ. ಮನೆಯ ಡ್ರೈವ್ ಒಪ್ಪದ ಸಿ.ಡಿ.ಯನ್ನು ಬೇರೆ ಕಂಪನಿಯ ಡ್ರೈವಿನಲ್ಲೂ ಹಾಕಿ ನೋಡಿ; ಒಂದು ಓದಲಾರದ್ದನ್ನು ಇನ್ನೊಂದು ಸಲೀಸಾಗಿ ಓದುವುದುಂಟು. ನೆರೆಮನೆಯ ಡ್ರೈವೂ ಒಲ್ಲೆ ಎಂದ ಮೇಲೆಯೇ ಟೂತ್‌ಪೇಸ್ಟಿನಿಂದ ಗೀರು ಉಜ್ಜುವಂಥ ಪ್ರಯೋಗ.

4.7 ಜಿಬಿಯ ಡಿ.ವಿ.ಡಿ.ಯನ್ನು ಒಂದೇ ಫೈಲಾಗಿ ಪೆನ್‌ಡ್ರೈವಿಗೆ ಹಾಕಲು ಹೋದರೆ ‘ಜಾಗ ಸಾಲದು’ ಎನ್ನಬಹುದು, ಪೆನ್‌ಡ್ರೈವ್ ಖಾಲಿಯಿದ್ದರೂ. ಫ್ಯಾಟ್32 ಕ್ರಮದಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಖಾಲಿ ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್ ಕ್ರಮಕ್ಕೆ ಫಾರ್ಮ್ಯಾಟ್ ಮಾಡಿದರೆ ಸರಿ. ಪೆನ್‌ಡ್ರೈವ್ ಸಾಗಿಸಲು ಮಾತ್ರ. ಉಳಿಸಿಕೊಳ್ಳಲು ಹಾರ್ಡ್ ಡಿಸ್ಕ್ ಇರಲಿ, ಒಂದು ಊರಿನ ಮನೆಯಲ್ಲಿ, ಇನ್ನೊಂದು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಮಕ್ಕಳ ಮನೆಯಲ್ಲಿ. ಊರಿನದನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಹಳೇ ಕಂಪ್ಯೂಟರ್ ಸರಿಯಾಯಿತೆಂದರೆ ಅದರಿಂದ ಇನ್ನೂ ಒಂದು ದೊಡ್ಡ ಉಪಯೋಗವಿದೆ: ಹಳೇ ಕ್ಯಾಸೆಟ್ಟುಗಳನ್ನು ನಕಲು ಮಾಡಿಕೊಳ್ಳುವುದು. ಅದರ ಬೆನ್ನಿನ ನೀಲಿ ತೂತು ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡಾಗ ನಮ್ಮ ಮನೆಗಳಲ್ಲಿ ಇದ್ದದ್ದು ಕ್ಯಾಸೆಟ್ಟು, ಸಿ.ಡಿ. ಅಲ್ಲ. ಆ ಕಾಲದ ಆಟ, ತಾಳಮದ್ದಲೆಗಳನ್ನು ರಂಗಸ್ಥಳದ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡ ಖಾಸಗಿ ಕ್ಯಾಸೆಟ್ಟುಗಳು ಯಾವ ಅಂಗಡಿಗೂ ಬಂದವಲ್ಲ. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಎರಡೂ ತುದಿಗೆ ಪಿನ್ನಿರುವ ಸ್ಟೀರಿಯೊ ತಂತಿಯನ್ನು ಕಂಪ್ಯೂಟರಿನ ನೀಲಿ ತೂತಿಗೆ ಹಾಕಿ. ಗುಲಾಬಿ ತೂತಿಗೆ ಹಾಕಿದರೆ ಚಂಡೆಯ ಪೆಟ್ಟಿಗೆಲ್ಲ ದನಿ ಒಡೆಯುತ್ತದೆ, ಅದು ಮೈಕಿನ ಸಣ್ಣ ದನಿಯನ್ನು ಹಿಗ್ಗಿಸಲು ಇರುವಂಥದ್ದು. ಅಡಾಸಿಟಿ ತಂತ್ರಾಂಶದ ಹಳೇ ಆವೃತ್ತಿ ಎಕ್ಸ್‌ಪಿಯಲ್ಲಿ ಓಡುತ್ತದೆ. ರೆಕಾರ್ಡಿಂಗ್ ಮೂಲವನ್ನು ‘ಲೈನ್ ಇನ್’ ಮಾಡಿ, ದನಿಯ ಪಟ್ಟಿ ಕೆಂಪಿಗೆ ಹೋಗದಂತೆ ಟೇಪಿನ ವಾಲ್ಯೂಮ್ ಇಳಿಸಿ, ಚಂಡೆ ಜೋರಾಗಿರುವ ಪದ್ಯವೊಂದನ್ನು ಹಾಕಿ ಮೊದಲು ಅಳತೆ ನೋಡಿಕೊಳ್ಳಿ. ಬಿಳಿ ಬೂಷ್ಟು ಹಿಡಿದ ಕ್ಯಾಸೆಟ್ ಆದಮೇಲೆ ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸದೆ ಒಳ್ಳೆಯದನ್ನು ಹಾಕಬೇಡಿ, ಬೂಷ್ಟು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ವೇವ್ ಕ್ರಮದಲ್ಲಿ ಉಳಿಸಿದರೆ ಒಂದು ಗಂಟೆಗೆ 600 ಎಂಬಿಗೂ ಮೇಲೆ ಜಾಗ ಹಿಡಿಯುತ್ತದೆ, ಹಿಡಿಯಲಿ. ಮೂಲ ಪ್ರತಿಯನ್ನು ಹಾಗೆಯೇ ಇಟ್ಟು, ಹಂಚಲು ಎಂಪಿತ್ರೀ ಮಾಡಿಕೊಳ್ಳಿ.

ಫೈಲಿಗೆ ‘ಟ್ರ್ಯಾಕ್ 1’ ಎಂದು ಬಿಡಬೇಡಿ. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ವರ್ಷ ಎಲ್ಲ ಹೆಸರಿನಲ್ಲೇ ಬರಲಿ. ಹಸೆ ಹಾಡಾದರೆ ಹೇಳಿದವರು ಯಾರು, ಯಾವ ಶಾಸ್ತ್ರದ ಹಾಡು ಎಂಬುದೂ ಇರಲಿ. ಕ್ಯಾಸೆಟ್ಟಿನ ಮೇಲೆ ಬರೆದಿದ್ದು ಅಳಿಸಿಹೋಗಿದ್ದರೆ, ಯಾರ ದನಿ ಯಾವುದೆಂದು ಗುರುತಿಸಬಲ್ಲ ಹಿರಿಯರೊಬ್ಬರನ್ನು ನಕಲು ಮಾಡುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳುವ ಹೆಸರುಗಳನ್ನು ಆಗಲೇ ಬರೆದುಕೊಳ್ಳಿ.